ಎತ್ತರದ ಮಕ್ಕಳಿಗೆ ಮೊದಲು ಪಿವಟ್ ಕಲಿಸಿ

ಮಾನ್ಯರೇ,

ಬೇಸಿಗೆ ರಜೆ ಬಂತೆಂದರೆ ಮೈಸೂರು, ಮಂಡ್ಯದಲ್ಲಿ ಬ್ಯಾಸ್ಕೆಟ್‌ಬಾಲ್ ಶಿಬಿರಗಳು ಶುರುವಾಗುತ್ತವೆ. ಗುಂಪಿನಲ್ಲಿ ಎತ್ತರವಾಗಿರುವ ಮಗುವನ್ನು ಮೊದಲ ದಿನವೇ ರಿಂಗ್ ಕೆಳಗೆ ನಿಲ್ಲಿಸಿ ‘ಚೆಂಡು ಬಂದ್ರೆ ಹಿಡಿ, ಹಾಕು’ ಎಂದುಬಿಡುತ್ತಾರೆ. ಎರಡು ವರ್ಷದಲ್ಲಿ ಉಳಿದ ಮಕ್ಕಳೂ ಎತ್ತರ ಬೆಳೆಯುತ್ತಾರೆ. ಈ ಮಗುವಿನ ಕೈಯಲ್ಲಿ ಬೇರೆ ವಿದ್ಯೆಯೇ ಇರುವುದಿಲ್ಲ. ಅದಕ್ಕೇ ಮೊದಲು ಪಿವಟ್ ಕಲಿಸಬೇಕು, ಅಂದರೆ ಚೆಂಡು ಹಿಡಿದು ಒಂದು ಪಾದವನ್ನು ನೆಲಕ್ಕೂರಿ ಅದರ ಮೇಲೆ ತಿರುಗುವುದನ್ನು.

ಆಟಗಾರರಾಗಿ, ಮುಂದೆ ಕೋಚ್ ಆಗಿ ಹೆಸರಾದ ಜೋ ಲ್ಯಾಪ್‌ಚಿಕ್ ಅವರನ್ನು ನೋಡಿ. 1900ರಲ್ಲಿ ಅಮೆರಿಕದ ಯಾಂಕರ್ಸ್‌ನಲ್ಲಿ ಹುಟ್ಟಿದ ಅವರ ಎತ್ತರ 6 ಅಡಿ 5 ಅಂಗುಲ. ಆಗ ಪ್ರತಿ ಬ್ಯಾಸ್ಕೆಟ್ ಆದಮೇಲೂ ಅಂಕಣದ ನಡುವೆ ಜಂಪ್ ಬಾಲ್: ರೆಫರಿ ಮೇಲಕ್ಕೆಸೆದ ಚೆಂಡಿಗೆ ಎರಡೂ ತಂಡದ ಒಬ್ಬೊಬ್ಬರು ಹಾರಬೇಕು. ಅದನ್ನು ಗೆದ್ದುಕೊಟ್ಟರೆ ಎತ್ತರದವನ ಕೆಲಸ ಮುಗಿಯಿತು ಎಂಬ ಕಾಲ. ಆದರೆ ಲ್ಯಾಪ್‌ಚಿಕ್ ಆಡಿದ ಒರಿಜಿನಲ್ ಸೆಲ್ಟಿಕ್ಸ್ ಎಂಬ ವೃತ್ತಿಪರ ತಂಡದಲ್ಲಿ ಐವರೂ ಪಾಸ್ ಕೊಡಬೇಕು, ಐವರೂ ಓಡಬೇಕು. ಒಬ್ಬ ರಿಂಗ್‌ಗೆ ಬೆನ್ನು ಮಾಡಿ ನಿಂತು ಚೆಂಡು ಹಿಡಿದು, ಓಡಿಬರುವ ಜೊತೆಗಾರರಿಗೆ ಪಾಸ್ ಕೊಡುವ ಪಿವಟ್ ಆಟವನ್ನು ರೂಪಿಸಿದ ಹೆಗ್ಗಳಿಕೆ ಸಲ್ಲುವುದೂ ಅದೇ ತಂಡದ ಡಚ್ ಡೆನರ್ಟ್ ಅವರಿಗೆ.

ಆ ಆಟ ಇಂದಿಗೂ ಹಳತಾಗಿಲ್ಲ. ಮಗುವನ್ನು ಫ್ರೀ ಥ್ರೋ ಗೆರೆಯ ಬಳಿ ರಿಂಗ್‌ಗೆ ಬೆನ್ನು ಮಾಡಿ, ಮಂಡಿ ಬಗ್ಗಿಸಿ ನಿಲ್ಲಿಸಿ. ಚೆಂಡು ಹಿಡಿಯುವಾಗ ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಲಿ. ಆಗ ಯಾವ ಕಾಲನ್ನಾದರೂ ಪಿವಟ್ ಮಾಡಿಕೊಳ್ಳಬಹುದು. ಚೆಂಡು ಗಲ್ಲದ ಕೆಳಗಿರಲಿ, ಸೊಂಟಕ್ಕೆ ಇಳಿದರೆ ಗಿಡ್ಡ ಗಾರ್ಡ್ ತಟ್ಟಿ ಕಸಿಯುತ್ತಾನೆ. ತಿರುಗುವುದು ಮುಂಗಾಲಿನ ಮೇಲೆ. ಹಿಮ್ಮಡಿಯ ಮೇಲೆ ತಿರುಗಿದರೆ, ಅದೂ ನಮ್ಮ ಶಾಲೆಗಳ ಧೂಳು ಕೂತ ಸಿಮೆಂಟ್ ಅಂಕಣದಲ್ಲಿ, ಪಾದ ಜಾರಿ ಟ್ರಾವೆಲಿಂಗ್ (ಚೆಂಡು ಹಿಡಿದು ಪಿವಟ್ ಪಾದ ಸರಿಸಿದ ತಪ್ಪು) ಆಗುತ್ತದೆ. ಆಟಕ್ಕೆ ಮುಂಚೆ ಅಂಕಣ ಗುಡಿಸಿ, ಶೂ ತಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅರ್ಧ ತೊಂದರೆ ಅಲ್ಲೇ ಕಳೆಯಿತು. ಪಾಸ್ ಕೊಟ್ಟವನು ನಿಂತು ನೋಡಬಾರದು. ಪಿವಟ್ ಆಟಗಾರನ ಭುಜ ಸವರಿಕೊಂಡೇ ರಿಂಗ್ ಕಡೆ ಓಡಬೇಕು. ಒಂದು ಮೀಟರ್ ದೂರದಿಂದ ಓಡಿದರೆ ಆ ಸಂದಿಯಲ್ಲಿ ಎದುರಾಳಿಯೂ ನುಸುಳುತ್ತಾನೆ. ಅವನನ್ನು ತಡೆಯಲು ಪಿವಟ್ ಆಟಗಾರ ಸೊಂಟ ಹೊರಚಾಚಿದನೋ, ಫೌಲ್.

ಹೈಸ್ಕೂಲಿಗೇ ಹೋಗದ ಲ್ಯಾಪ್‌ಚಿಕ್ 1936ರಲ್ಲಿ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದ ಕೋಚ್ ಆದರು. ಅಲ್ಲಿ ಎರಡು ಅವಧಿಗಳಲ್ಲಿ ನಾಲ್ಕು ಬಾರಿ, 1943, 1944, 1959 ಮತ್ತು 1965ರಲ್ಲಿ, ಕಾಲೇಜು ತಂಡಗಳ ಎನ್‌ಐಟಿ (ನ್ಯಾಷನಲ್ ಇನ್ವಿಟೇಷನ್ ಟೂರ್ನಮೆಂಟ್) ಪ್ರಶಸ್ತಿ ಗೆಲ್ಲಿಸಿದರು. ನಡುವೆ ನ್ಯೂಯಾರ್ಕ್ ನಿಕ್ಸ್ ತಂಡವನ್ನು 1951ರಿಂದ ಸತತ ಮೂರು ವರ್ಷ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಫೈನಲ್‌ಗೆ ಕೊಂಡೊಯ್ದರು. 1951ರಲ್ಲಿ ಕಾಲೇಜು ಆಟಗಾರರು ಬಾಜಿಕೋರರ ದುಡ್ಡಿಗೆ ಆಟ ಮಾರಿಕೊಂಡದ್ದು ಬಯಲಾದಾಗ, ಆ ಸುದ್ದಿಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಪುಸ್ತಕಕ್ಕೆ ಅಂಟಿಸಿಟ್ಟು, ಮುಂದೆ ತಮ್ಮ ಹುಡುಗರ ಕೈಗೆ ಕೊಟ್ಟು ಓದಿಸುತ್ತಿದ್ದರು. ಮೊಬೈಲ್‌ನಲ್ಲೇ ಬೆಟ್ಟಿಂಗ್ ನಡೆಯುವ ಈ ದಿನಗಳಲ್ಲಿ ನಮ್ಮ ಕೋಚ್‌ಗಳೂ ಇಂಥದ್ದೊಂದು ಪುಸ್ತಕ ಇಟ್ಟುಕೊಳ್ಳಬೇಕು.

ಶಿಬಿರ ನಡೆಸುವವರಲ್ಲಿ ವಿನಂತಿ: ಮೊದಲ ವಾರ ಮ್ಯಾಚ್ ಬೇಡ. ದಿನಕ್ಕೆ 20 ನಿಮಿಷ ಎತ್ತರದವರು, ಗಿಡ್ಡವರು ಎನ್ನದೆ ಎಲ್ಲರಿಂದಲೂ ಪಿವಟ್ ಮಾಡಿಸಿ, ಎಡಗಾಲು ಬಲಗಾಲು ಎರಡರಲ್ಲೂ. ದಸರಾ ಕ್ರೀಡಾಕೂಟಕ್ಕೆ ತಂಡ ಆರಿಸುವಾಗ ಎಷ್ಟು ಪಾಯಿಂಟ್ ಹಾಕಿದ ಎಂಬುದರ ಪಕ್ಕದಲ್ಲೇ ಅವನು ಕೊಟ್ಟ ಎಷ್ಟು ಪಾಸ್‌ಗಳಿಂದ ಬ್ಯಾಸ್ಕೆಟ್ ಆಯಿತು ಎಂದೂ ಬರೆದುಕೊಳ್ಳಿ.

– ಬ್ಯಾಸ್ಕೆಟ್‌ಬಾಲ್ ತರಬೇತುದಾರರು, ಸರಸ್ವತಿಪುರಂ, ಮೈಸೂರು