ಫೋಟೊ ನೋಡಿ ಪತಂಗಕ್ಕೆ ಹೆಸರಿಡಬೇಡಿ

ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬೂದು ಬಣ್ಣದ ಪತಂಗವೊಂದರ ಫೋಟೊ ಹಾಕಿ, ‘ಅಪರೂಪದ ಚಿಟ್ಟೆ ಪತ್ತೆ’ ಎಂದು ಬರೆದು, ಜೊತೆಗೆ ಒಂದು ಉದ್ದನೆಯ ವೈಜ್ಞಾನಿಕ ಹೆಸರನ್ನೂ ಕೊಟ್ಟಿದ್ದಿರಿ. ಅದು ಚಿಟ್ಟೆ ಅಲ್ಲ. ಚಿಟ್ಟೆಯ ಮೀಸೆ ಸಾಮಾನ್ಯವಾಗಿ ತುದಿಯಲ್ಲಿ ಬೆಂಕಿಕಡ್ಡಿಯ ಹಾಗೆ ದಪ್ಪಗಿರುತ್ತದೆ, ಇದರ ಮೀಸೆ ಬಾಚಣಿಗೆಯ ಹಾಗೆ ಹಲ್ಲುಹಲ್ಲಾಗಿತ್ತು (ಬಹುಶಃ ಗಂಡು). ಹೋಗಲಿ, ಅದು ಎಲ್ಲರೂ ಮಾಡುವ ತಪ್ಪು. ನನ್ನ ತಕರಾರು ಆ ಹೆಸರಿನ ಬಗ್ಗೆ.

ಇಂಥ ಎಷ್ಟೋ ಪತಂಗಗಳನ್ನು ರೆಕ್ಕೆ ನೋಡಿ ಗುರುತಿಸಲು ಆಗುವುದೇ ಇಲ್ಲ. ಅಕ್ರೋನಿಕ್ಟಾ ಸೈ, ಅಕ್ರೋನಿಕ್ಟಾ ಟ್ರೈಡೆನ್ಸ್ ಎಂಬ ಎರಡು ಪತಂಗಗಳಿವೆ. ಮೊದಲನೆಯದಕ್ಕೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಹೆಸರಿಟ್ಟಿದ್ದ. ಎರಡರ ರೆಕ್ಕೆಯ ಮೇಲೂ ಅದೇ ಕಪ್ಪು ಬಾಕಿನ ಗುರುತು. ಹುಳುವಾಗಿದ್ದಾಗ ಬಣ್ಣ ಬೇರೆ ಬೇರೆ, ರೆಕ್ಕೆ ಬಂದ ಮೇಲೆ ಅನುಭವಿಗಳೂ ಹೊಟ್ಟೆ ಬಿಚ್ಚಿಯೇ ನೋಡಬೇಕು.

ಬಿಚ್ಚುವುದು ಅಂದರೆ ಹೀಗೆ. ಒಣಗಿದ ಪತಂಗದ ಹೊಟ್ಟೆಯನ್ನು ಮೆಲ್ಲಗೆ ಮುರಿದು, ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸುತ್ತಾರೆ. ಮಾಂಸ, ಕೊಬ್ಬು ಎಲ್ಲ ಕರಗಿ ಗಟ್ಟಿ ಚಿಪ್ಪಿನ ಭಾಗ ಮಾತ್ರ ಉಳಿಯುತ್ತದೆ. ಸಣ್ಣ ಬ್ರಷ್‌ನಿಂದ ಹುರುಪೆ ಸವರಿ ತೆಗೆದರೆ ತುದಿಯಲ್ಲಿ ಜನನಾಂಗ ಕಾಣುತ್ತದೆ: ಗಂಡಾದರೆ ಇಕ್ಕಳದ ಹಾಗಿನ ಎರಡು ಹಿಡಿಕೆ (ವಾಲ್ವ), ಮೇಲೊಂದು ಕೊಕ್ಕೆ, ನಡುವೆ ಕೊಳವೆ, ಹೆಣ್ಣಾದರೆ ತೆಳ್ಳನೆಯ ಚೀಲ, ಎಷ್ಟೋ ಜಾತಿಗಳಲ್ಲಿ ಅದರ ಒಳಗೋಡೆಗೆ ಅಂಟಿದ ಮುಳ್ಳಿನಂಥ ಗುರುತು. ಆ ಕೊಕ್ಕೆ ಎಷ್ಟು ಬಾಗಿದೆ, ಕೊಳವೆಯೊಳಗೆ ಎಷ್ಟು ಮುಳ್ಳಿವೆ ಅನ್ನುವುದರ ಮೇಲೆ ಹೆಸರು ನಿಂತಿರುತ್ತದೆ. ನಾನು ಮೊದಲ ಸಲ ಮಾಡಿದಾಗ ದ್ರಾವಣದಲ್ಲಿ ಜಾಸ್ತಿ ಹೊತ್ತು ಬಿಟ್ಟು ಎಲ್ಲಾ ಮೆತ್ತಗಾಗಿ ಹೋಗಿತ್ತು, ಆ ಪತಂಗಕ್ಕೆ ಇವತ್ತಿಗೂ ಹೆಸರಿಲ್ಲ.

ಹೊರಗಿನಿಂದ ಏನೂ ತಿಳಿಯುವುದಿಲ್ಲ ಅಂತಲ್ಲ. ಹಿಂರೆಕ್ಕೆಯನ್ನು ಮುಂರೆಕ್ಕೆಗೆ ಸಿಕ್ಕಿಸುವ ಬಿರುಗೂದಲು ಗಂಡಿಗೆ ಒಂದೇ, ಹೆಣ್ಣಿಗೆ ಸಾಮಾನ್ಯವಾಗಿ ಎರಡೋ ಮೂರೋ. ಕಿವಿ ಎದೆಯಲ್ಲಿದೆಯೋ ಹೊಟ್ಟೆಯ ಬುಡದಲ್ಲಿದೆಯೋ ನೋಡಿದರೆ ಯಾವ ಗುಂಪು ಅನ್ನುವುದು ಸುಮಾರಾಗಿ ಗೊತ್ತಾಗುತ್ತದೆ. ಇದು ಯಾವುದೂ ಮೊಬೈಲ್ ಫೋಟೊದಲ್ಲಿ ಬರುವುದಿಲ್ಲ, ಅಲ್ವಾ?

ಹಾಗಾಗಿ ಮುಂದಿನ ಸಲ ಯಾರಾದರೂ ‘ಅಪರೂಪ’ ಅಂತ ಫೋಟೊ ಕಳಿಸಿದರೆ ಎರಡೇ ಪ್ರಶ್ನೆ ಕೇಳಿ: ಪತಂಗ ಈಗ ಎಲ್ಲಿದೆ, ಅದರ ಹೊಟ್ಟೆ ಬಿಚ್ಚಿ ಸ್ಲೈಡ್ (ಸೂಕ್ಷ್ಮದರ್ಶಕದಲ್ಲಿ ನೋಡುವ ಗಾಜಿನ ಪಟ್ಟಿ) ಮಾಡಿದ್ದಾರಾ? ಎರಡಕ್ಕೂ ಉತ್ತರ ಇಲ್ಲದಿದ್ದರೆ ಸುಮ್ನೆ ‘ಒಂದು ಪತಂಗ’ ಅಂತ ಬರೆಯಿರಿ. ಫೋಟೊ ಚೆನ್ನಾಗಿಯೇ ಇತ್ತು.

– ನಿಮ್ಮ ಓದುಗ