ಮೌಸ್ ಯಾರ ಕೈಯಲ್ಲಿದೆ?

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ನಿಮ್ಮ ಕಂಪನಿಯವರು ಬಾಗೇಪಲ್ಲಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಗೆ ಟ್ಯಾಬ್‌ಗಳನ್ನು ಕೊಡಿಸುತ್ತಾರೆಂದೂ, ಎಷ್ಟು ಬೇಕೆಂದು ತಿಳಿಸಬೇಕೆಂದೂ ಬರೆದಿದ್ದೀಯ. ನೀನು ಊರನ್ನು ಮರೆತಿಲ್ಲವೆಂಬುದೇ ನನಗೆ ಸಂತೋಷ. ಆದರೆ ಲೆಕ್ಕ ಕೊಡುವ ಮೊದಲು ಈ ವರ್ಷ ಇಲ್ಲಿ ನಡೆದದ್ದನ್ನು ಹೇಳಬೇಕು.

ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಒಂದೊಂದು ಕಂಪ್ಯೂಟರಿಗೆ ಮೂವರು ಮಕ್ಕಳು. ಒಂದು ದಿನ ಬಾಗಿಲ ಬಳಿ ನಿಂತು ನೋಡಿದೆ. ಮೌಸ್ ಎಲ್ಲ ಕಡೆಯೂ ಹುಡುಗರ ಕೈಯಲ್ಲಿತ್ತು. ಹುಡುಗಿಯರು ನೋಟ್‌ಬುಕ್ಕನ್ನು ಎದೆಗವಚಿಕೊಂಡು ಹಿಂದೆ ನಿಂತಿದ್ದರು. ಅವರನ್ನು ಯಾರೂ ತಳ್ಳಿರಲಿಲ್ಲ. ಮನೆಯಲ್ಲಿ ಮೊಬೈಲ್ ಅಣ್ಣನದು, ಬಿಂದಿಗೆ ತಂಗಿಯದು. ಅದೇ ರೂಢಿ ಇಲ್ಲಿಗೂ ಬಂದಿತ್ತು. ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಹಾಗಾಗಿ ಬಿಂದಿಗೆಯಿಂದಲೇ ಪಾಠ ಶುರು ಮಾಡಿದೆವು. ನಮ್ಮ ಕಡೆಯ ನೀರು ನಿನಗೆ ಗೊತ್ತೇ ಇದೆ: ಸಾವಿರ ಅಡಿ ಕೊರೆದ ಕೊಳವೆಬಾವಿ, ಅದರಲ್ಲಿ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಿಯಮ. ಒಂಬತ್ತನೆಯ ತರಗತಿಯ ಹುಡುಗಿಯರು ಪ್ರತಿ ಬೀದಿಯ ನೀರನ್ನೂ ಬಾಟಲಿಯಲ್ಲಿ ತಂದರು. ಗಾಜಿನ ನಳಿಕೆಯಲ್ಲಿ ನೀರು ತುಂಬಿ, ನೀರು ಪರೀಕ್ಷಿಸುವ ಕಿಟ್‌ನ ದ್ರಾವಣ ಹಾಕಿದರೆ, ಫ್ಲೋರೈಡ್ ಕಡಿಮೆಯಿದ್ದಲ್ಲಿ ಗುಲಾಬಿ ಬಣ್ಣ, ಹೆಚ್ಚಿದ್ದಲ್ಲಿ ಹಳದಿ. ಕಿಟಕಿಯ ಬೆಳಕಿಗೆ ನಳಿಕೆಗಳನ್ನು ಸಾಲಾಗಿ ನಿಲ್ಲಿಸಿದರು. ಕಾಲೋನಿಯ ನೀರು ಹಳದಿಗೆ ತಿರುಗಿತು.

ಅದನ್ನು ತಂದ ಹುಡುಗಿ ನಗುವಾಗಲೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹಲ್ಲಿನ ಮೇಲೆ ಫ್ಲೋರೈಡಿನ ಕಂದು ಕಲೆಗಳಿವೆ. ಬಣ್ಣದ ಪಟ್ಟಿಯನ್ನು ನಳಿಕೆಯ ಪಕ್ಕಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು.

"ಸರ್, ಕಾಯಿಸಿದರೆ ಹೋಗುವುದಿಲ್ಲವೇ?"

ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಹೆಚ್ಚುತ್ತದೆ ಎಂದೆ.

"ಹಾಗಾದರೆ ಶುದ್ಧ ನೀರಿನ ಘಟಕವನ್ನು ನಮ್ಮ ಬೀದಿಯಿಂದ ಅಷ್ಟು ದೂರ ಏಕೆ ಕಟ್ಟಿದರು?"

ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನೂ ಬರೆದುಕೋ ಎಂದೆ. ನಮ್ಮ ಜಿಲ್ಲೆಯ ಹೊಸೂರಿನಿಂದ 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ನೆನಪಾದರು. ಪ್ರಶ್ನೆ ಕೇಳಿ ಎಂದು ಅವರು ಬದುಕಿಡೀ ಮಕ್ಕಳಿಗೆ ಹೇಳಿದ್ದು ಇಂಥ ಪ್ರಶ್ನೆಗಾಗಿಯೇ ಇರಬೇಕು.

ಮರುದಿನ ಬೀದಿಬೀದಿಯ ಫಲಿತಾಂಶದ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಬೇಕಾಗಿತ್ತು. ಯಾವ ಬಾಟಲಿ ಯಾವ ಬೀದಿಯದೆಂದು ಹುಡುಗಿಯರಿಗೆ ಮಾತ್ರ ಗೊತ್ತು. ನಾನು ಏನೂ ಹೇಳಲಿಲ್ಲ, ಗೆಳೆಯಾ. ಹುಡುಗರೇ ಎದ್ದು ಕುರ್ಚಿ ಬಿಟ್ಟರು. ಕಾಲೋನಿಯ ಆ ಹುಡುಗಿ ಕುಳಿತು ಮೌಸ್ ಹಿಡಿದಳು. ಹುಡುಗನೊಬ್ಬ ಹಿಂದೆ ನಿಂತು ಅಂಕಿಗಳನ್ನು ಓದಿ ಹೇಳಿದ.

ಆಮೇಲೆ ಬಂದ ಯೋಚನೆ ಮಕ್ಕಳದ್ದೇ. ನಮ್ಮ ಅಜ್ಜಿಯರಿಗೆ ತೆಲುಗು ಬಿಟ್ಟು ಬೇರೆ ಭಾಷೆ ಬಾರದು, ಓದಲೂ ಬಾರದು. ಅದಕ್ಕೆ ನೀರಿನ ವಿಷಯವನ್ನೆಲ್ಲ ತೆಲುಗಿನಲ್ಲಿ ಮಾತನಾಡಿ ಧ್ವನಿಮುದ್ರಿಸಿ, ಮನೆಮನೆಯ ಮೊಬೈಲಿಗೆ ಕಳುಹಿಸಿದರು. ಹುಡುಗಿಯ ದನಿಯನ್ನು ಜಗಲಿಯ ಮೇಲೆ ಹತ್ತು ಜನ ಕೂತು ಕೇಳಿದ್ದನ್ನು ನಾನೇ ಕಂಡೆ.

ಮಕ್ಕಳ ಗ್ರಾಮಸಭೆಯಲ್ಲಿ ಅವಳೇ ಎದ್ದು ಪಟ್ಟಿ ಓದಿದಳು. ಆ ಹೊತ್ತು ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಘಟಕದ ನೀರನ್ನು ಕಾಲೋನಿಗೆ ತಲುಪಿಸುತ್ತೇವೆಂದು ಪಂಚಾಯಿತಿಯವರು ಒಪ್ಪಿದ್ದಾರೆ. ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಹೋಗಿ ಕೇಳಿಕೊಂಡು ಬರುತ್ತಾಳೆ.

ಟ್ಯಾಬ್‌ಗಳು ಬಂದರೆ ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಯುಪಿಎಸ್‌ಗೆ ಹೊಸ ಬ್ಯಾಟರಿ ಬೇಕು, ಕರೆಂಟ್ ಹೋದರೆ ಪಾಠ ನಿಲ್ಲುತ್ತದೆ. ಕಿಟ್‌ನ ದ್ರಾವಣವೂ ಮುಗಿಯುತ್ತಾ ಬಂದಿದೆ. ಇನ್ನೊಂದು, ನಿಮ್ಮ ಕಚೇರಿಯ ಇಬ್ಬರು ಹೆಣ್ಣುಮಕ್ಕಳು, ಎಂಜಿನಿಯರುಗಳು, ಒಂದು ಶನಿವಾರ ಇಲ್ಲಿಗೆ ಬರಲಿ. ಶನಿವಾರ ಶಾಲೆ ಬೆಳಿಗ್ಗೆ ಮಾತ್ರ, ಬೇಗ ಹೊರಡಲು ಹೇಳು.

ನಿನ್ನ ಗೆಳೆಯ