ವಿಷಯ: ಲ್ಯಾಪ್‌ಟಾಪ್ ಫ್ಯಾನಿನ ಸದ್ದು ಮತ್ತು ನಿಮ್ಮ ಸರ್ವಿಸ್ ಸೆಂಟರಿನವರ ವರ್ತನೆ ಕುರಿತು ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನನ್ನ ದೂರು 'ಬಗೆಹರಿದಿದೆ' ಎಂದು ನಿನ್ನೆ ನಿಮ್ಮಿಂದ ಎಸ್‌ಎಂಎಸ್ ಬಂತು. ಏನೂ ಬಗೆಹರಿದಿಲ್ಲ. ಕಾಲ್ ಸೆಂಟರಿನವರಿಗೆ ಹೇಳಿ ಹೇಳಿ ಸಾಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಅಂಧ ವಿದ್ಯಾರ್ಥಿಗಳಿಗಾಗಿ ಪಿಯುಸಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುವುದು ನನ್ನ ಕೆಲಸ. ಲ್ಯಾಪ್‌ಟಾಪ್ ಆನ್ ಮಾಡಿ ಸ್ವಲ್ಪ ಹೊತ್ತಿಗೆ ಎಡಬದಿಯಿಂದ ಕರಕರ ಅನ್ನುವ ಸದ್ದು ಶುರುವಾಗುತ್ತದೆ. ಸಿಪಿಯು ಮೇಲೆ ಹೊರೆ ಬಿದ್ದಾಗ ಫ್ಯಾನ್ ಜೋರಾಗಿ ತಿರುಗುವುದು ಸಹಜ, ಅದು ನನಗೂ ಗೊತ್ತು. ಆದರೆ ಟಾಸ್ಕ್ ಮ್ಯಾನೇಜರಿನಲ್ಲಿ ಸಿಪಿಯು ಬಳಕೆ 5% ಕೂಡ ಇಲ್ಲದಿರುವಾಗಲೂ ಕರಕರ ನಿಲ್ಲುವುದಿಲ್ಲ. ಲ್ಯಾಪ್‌ಟಾಪನ್ನು ಓರೆಯಾಗಿ ಎತ್ತಿ ಹಿಡಿದರೆ ಸದ್ದು ತಗ್ಗುತ್ತದೆ, ಮೇಜಿನ ಮೇಲಿಟ್ಟರೆ ಮತ್ತೆ ಅದೇ. ಬೇರಿಂಗ್ ಹಾಳಾದ ಫ್ಯಾನು ಹೀಗೇ ಮಾಡುತ್ತದೆ. ನಿಮ್ಮವರು ಧೂಳು ತೆಗೆದರು, ಬಯಾಸ್ ಎಂಬ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು. ಫ್ಯಾನ್ ಮಾತ್ರ ಬದಲಾಯಿಸಲಿಲ್ಲ.

ಮೈಸೂರಿನ ನಿಮ್ಮ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕಳೆದ ವಾರ ನಡೆದದ್ದನ್ನು ನೀವು ಪೂರ್ತಿ ಓದಬೇಕು. ಎಸಿ ಓಡುತ್ತಿತ್ತು, ಪಕ್ಕದಲ್ಲೇ ಪ್ರಿಂಟರ್, ಟೋಕನ್ ಕೂಗುವ ಸ್ಪೀಕರ್. ಅಂಥ ಕಡೆ ಲ್ಯಾಪ್‌ಟಾಪ್ ತೆರೆದ ಕೌಂಟರಿನ ಹುಡುಗ, 'ಎಲ್ಲಿ ಮೇಡಂ ಸೌಂಡು?' ಅಂದ. ಒಳಗಿನ ರೂಮಿಗೆ ಒಯ್ದು ಕೇಳಿ ಅಂದೆ. 'ಕಸ್ಟಮರ್‌ನ ಒಳಗೆ ಬಿಡಲ್ಲ.' ನಾನು ಬರುವುದು ಬೇಡ, ನೀವೇ ಹೋಗಿ ಕೇಳಿ ಅಂದೆ. ಅವನು ಏಳಲಿಲ್ಲ. ಪಕ್ಕದವನನ್ನು ಕರೆದು 'ನಿಂಗೇನಾದ್ರೂ ಕೇಳಿಸ್ತೇನೋ?' ಅಂದ. ಅವನು ಕೀಬೋರ್ಡಿಗೆ ಕಿವಿ ಇಟ್ಟ ಹಾಗೆ ಮಾಡಿ, 'ಮೇಡಂ ಕಿವಿ ಬಹಳ ಚುರುಕು' ಅಂತ ನಕ್ಕ. ಕುರ್ಚಿಯಲ್ಲಿ ಕಾಯುತ್ತಿದ್ದವರೂ ನಕ್ಕರು. ನನ್ನ ಮೊಬೈಲಿನಲ್ಲಿದ್ದ ರೆಕಾರ್ಡಿಂಗ್ ಕೇಳಿಸಲು ಹೋದರೆ, ಕೌಂಟರಿನ ಹುಡುಗ 'ಯಜಮಾನರನ್ನ ಕಳಿಸಿ ಮೇಡಂ, ಅವರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ' ಅಂದ. ಬಿಲ್ ನನ್ನ ಹೆಸರಲ್ಲಿದೆ, ದುಡ್ಡು ನನ್ನದು, ಲ್ಯಾಪ್‌ಟಾಪ್ ಬಳಸುವವಳು ನಾನು. ಯಜಮಾನರಿಗೆ ಏನನ್ನು ವಿವರಿಸುತ್ತಾನೆ?

ಕೊನೆಗೆ ಜಾಬ್ ಶೀಟಿನಲ್ಲಿ 'ಡಯಾಗ್ನಾಸ್ಟಿಕ್ ಟೆಸ್ಟ್ ಪಾಸ್, ದೋಷವಿಲ್ಲ' ಎಂದು ಬರೆದು ಕೈಗಿತ್ತ. ಆ ಟೆಸ್ಟು ನೋಡುವುದು ಫ್ಯಾನ್ ತಿರುಗುತ್ತಿದೆಯೇ, ವೇಗ ಎಷ್ಟು ಎಂಬುದನ್ನು. ಸದ್ದನ್ನು ಅದು ಕೇಳಿಸಿಕೊಳ್ಳುವುದಿಲ್ಲ. ಇದು ನಿಮ್ಮ ಎಂಜಿನಿಯರುಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ವಾರಂಟಿ ಇರುವಾಗ ಕೆಟ್ಟ ಬಿಡಿಭಾಗ ಬದಲಾಯಿಸಬೇಕು ಎಂಬ ನಿಯಮವನ್ನೂ ನಾನು ನಿಮಗೆ ಹೇಳಿಕೊಡಬೇಕಿಲ್ಲ, ಬರೆದವರು ನೀವೇ. ಅದನ್ನು ನಿಮ್ಮ ಕೌಂಟರಿನವರಿಗೂ ಒಮ್ಮೆ ಓದಿಸಿ. ವಾರಂಟಿ ಮುಗಿಯುವ ತನಕ ನನ್ನನ್ನು ಅಲೆಸಿ, ಆಮೇಲೆ ಫ್ಯಾನಿಗೆ ದುಡ್ಡು ಕೇಳುವ ಯೋಚನೆಯಿದ್ದರೆ ಬಿಟ್ಟುಬಿಡಿ. ದೂರು ಕೊಟ್ಟಿದ್ದು ವಾರಂಟಿಯೊಳಗೆ, ಪ್ರತಿ ಜಾಬ್ ಶೀಟೂ ನನ್ನ ಹತ್ತಿರ ಇದೆ.

ಹೊಸ ಫ್ಯಾನ್ ಹಾಕಿಸಿ. ಅದಕ್ಕಿಂತ ಮೊದಲು, ಅಷ್ಟು ಜನರ ಮುಂದೆ ಆಡಿದ ಮಾತಿಗೆ ಲಿಖಿತವಾಗಿ ಕ್ಷಮೆ ಕೇಳಿ. ಹದಿನೈದು ದಿನದೊಳಗೆ ಇವೆರಡೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಕೇಂದ್ರ ಕಚೇರಿ ಎಲ್ಲೇ ಇರಲಿ, ನಾನು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಈ ಯಂತ್ರವನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸಿ ಎಂದು ಅಲ್ಲಿ ಕೇಳುತ್ತೇನೆ. ಆಮೇಲೆ ಬರೀ ಫ್ಯಾನಿನ ಮಾತಿಲ್ಲ. ಲ್ಯಾಪ್‌ಟಾಪಿನ ಪೂರ್ತಿ ಬೆಲೆ ಮತ್ತು ನನಗಾದ ಅವಮಾನಕ್ಕೆ ಪರಿಹಾರ, ಎರಡನ್ನೂ ಕೇಳುತ್ತೇನೆ.

ಇತಿ,
ನಿಮ್ಮ ಗ್ರಾಹಕಿ
ಮೈಸೂರು

ಲಗತ್ತು: ಬಿಲ್, ಜಾಬ್ ಶೀಟುಗಳು, ಸದ್ದಿನ ರೆಕಾರ್ಡಿಂಗ್